ಜೋಳದ ದಂಟಿನ ಬೆಂಡು

ನನ್ನ ತಮ್ಮ ಗೋಪಾಲ ಕೆಂಗೇರಿಯ ನಮ್ಮ ಮನೆಯ ಗೇಟಿಗೆ ಒಂದು ಬೋರ್ಡು ತೂಗುಹಾಕಿದ್ದಾನೆ: ‘ಮೇಲಿನ ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.’ ಬರೆಸಿದವನು ಭಾನುವಾರ ಹೋಟೆಲಿನಿಂದ ಹುರಿದ ಮೀನನ್ನು ಒಂದರೊಳಗೊಂದು ಎರಡು ಚೀಲಗಳಲ್ಲಿ ಕಟ್ಟಿಸಿಕೊಂಡು ಬಂದು, ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿಟ್ಟು ತಿನ್ನುತ್ತಾನೆ. ಕಳೆದ ಸಲ ಹೋದಾಗ ಆ ಬೋರ್ಡನ್ನು ಬಿಚ್ಚಿ ಎಸೆಯಬೇಕು ಅನಿಸಿತು. ಎಸೆಯಲಿಲ್ಲ. ಒಳಗೆ ಹೋಗಿ ಜಗಳ ಆಡಿದೆ.

“ನಿಂಗ್ಯಾಕಕ್ಕ ಇಷ್ಟು ಸಿಟ್ಟು? ಒಳ್ಳೇ ಜನ ಬರ್ಲಿ ಅಂತ ಹಾಕಿದೀನಿ, ಅಷ್ಟೆ.”

“ನಾವು ಒಳ್ಳೇ ಜನ ಅಲ್ವಾ ಹಾಗಾದ್ರೆ?”

“ಅಪ್ಪ ಮಾಡಿರ್ಲಿಲ್ವಾ ಹೀಗೇ?”

ಮಾಡಿದ್ದ. ಅದಕ್ಕೇ ನನಗೆ ಸಿಟ್ಟು. ಐವತ್ತು ವರ್ಷವಾದ ಮೇಲೂ ಈ ಸಿಟ್ಟು ಹಳಸಿಲ್ಲ ಎನ್ನುವುದು ನನಗೇ ಆಶ್ಚರ್ಯ. ಆದರೆ ಸಿಟ್ಟು ಹಳಸದಿದ್ದರೆ ನೆನಪೂ ಹಳಸಿಲ್ಲ ಎಂದು ಅರ್ಥವಲ್ಲ. ಆಗ ನನಗೆ ಹನ್ನೊಂದು, ಗೋಪಾಲನಿಗೆ ಆರು. ಒಂದೇ ಮನೆಯಲ್ಲಿ ಒಂದೇ ದಿನ ನಡೆದದ್ದನ್ನು ನಾವಿಬ್ಬರೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದೇವೆ. ನನಗೆ ಎಲ್ಲಿ ಖಚಿತವಿಲ್ಲವೋ ಅಲ್ಲಿ ಇಲ್ಲ ಎಂದೇ ಹೇಳುತ್ತೇನೆ. ಎಲ್ಲವೂ ಸರಿಯಾಗಿ ಹೊಂದಿಕೊಂಡು ಬರುವ ನೆನಪನ್ನು ಕಂಡರೆ ನನಗೆ ಅದನ್ನು ಯಾರೋ ಆಮೇಲೆ ಕೂತು ಹೊಲಿದಿದ್ದಾರೆ ಅನಿಸುತ್ತದೆ.

ಮನೆ ಎಂದರೆ ಆಗ ಎರಡು ಮನೆ. ಹಿಂದಿನದು ತಾತನ ಕಾಲದ್ದು, ಮಣ್ಣಿನ ಗೋಡೆ, ನಾಡಹೆಂಚು, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಒಂದು ಪಡಸಾಲೆ, ಅದರ ಮೂಲೆಯಲ್ಲಿ ರಾಗಿ ತುಂಬಿದ ವಾಡೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಆಮೇಲೆ ಹಿತ್ತಲು, ಬಾವಿ, ಎರಡು ಹಸುವಿನ ಕೊಟ್ಟಿಗೆ. ಮುಂದಿನದು ಅಪ್ಪ ಕಟ್ಟಿಸಿದ್ದು. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಸಿಕ್ಕಿದ ಮೇಲೆ ಅಪ್ಪನಿಗೆ ತಾರಸಿ ಮನೆಯ ಹುಚ್ಚು ಹತ್ತಿತು. ಇಟ್ಟಿಗೆ ಗೋಡೆ, ಕೆಂಪು ಸಿಮೆಂಟಿನ ನುಣುಪು ನೆಲ, ರಸ್ತೆಗೆ ಎದುರಾಗಿ ಎರಡು ಕಿಟಕಿ, ಹಿತ್ತಲೂ ಹೊಲವೂ ಕಾಣುವಂತೆ ಪಕ್ಕಕ್ಕೆ ಒಂದು, ಎಲ್ಲಕ್ಕೂ ಹಸಿರು ಬಣ್ಣ. ಆ ನೆಲವನ್ನು ಅಮ್ಮ, ಅಜ್ಜಿ, ನಾನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದೆವು. ಹಾಲು ಉಕ್ಕಿಸಿದೆವು. ಆ ಮನೆಯಲ್ಲಿ ಒಂದು ದಿನವೂ ಮಲಗಲಿಲ್ಲ. ಅಪ್ಪ ಅದನ್ನು ಬಾಡಿಗೆಗೆ ಕೊಟ್ಟ. ಕೊಡುವುದಿದ್ದರೆ ಕೊಡಲಿ, ಮನೆ ಅವನದು. ಅದರ ಜೊತೆಗೆ ನಮ್ಮ ಹಿಂದಿನ ಮನೆಯ ಒಲೆಯನ್ನೂ, ಅಜ್ಜಿಯ ಮಡಕೆಯನ್ನೂ, ನಮ್ಮ ಬಾಯನ್ನೂ ಸೇರಿಸಿ ಕೊಟ್ಟ.

ಮನೆ ನೋಡಲು ಬಂದವರು ಹಾವೇರಿ ಕಡೆಯ ಪಾಟೀಲರು, ಸರ್ಕಾರಿ ಕಚೇರಿಯೊಂದರಲ್ಲಿ ದೊಡ್ಡ ಹುದ್ದೆ. ಲಿಂಗಾಯತರು. ಜೊತೆಗೆ ಹೆಂಡತಿ ಗಿರಿಜಮ್ಮ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ.

“ನೀರಿಂದ ಹೆಂಗ್ರಿ? ಬ್ಯಾಸಿಗ್ಯಾಗ ಬಾವಿ ಬತ್ತೂದಿಲ್ಲೇನ್ರಿ?” ಎಂದು ಪಾಟೀಲರು ಕೇಳಿದರು.

“ಬತ್ತಲ್ಲ ಸಾರ್. ಮತ್ತೆ, ಆ ವಿಷ್ಯದಲ್ಲೂ ನೀವು ಏನೂ ಯೋಚ್ನೆ ಮಾಡ್ಬೇಡಿ ಸಾರ್. ನಮ್ಮನೇಲಿ ಏನೂ ತಿನ್ನಲ್ಲ.”

“ಏನ್ ತಿನ್ನೂದಿಲ್ರಿ?”

“ಅದೇ ಸಾರ್. ಮೀನು, ಮಾಂಸ. ನಾವು ಮುಟ್ಟೋದೇ ಇಲ್ಲ.”

ಪಾಟೀಲರು “ಹಾಂ ಹಾಂ” ಅಂದು ಮತ್ತೆ ಬಾವಿಯ ಕಡೆ ನೋಡಿದರು. ಅದೇ ಹೊತ್ತಿಗೆ ಹಿತ್ತಲಲ್ಲಿ ಅಜ್ಜಿ ಬೂದಿ ಹಾಕಿ ಮೀನು ಉಜ್ಜುತ್ತಿದ್ದಳು ಎಂದು ನನ್ನ ನೆನಪು. ಇದು ತೀರಾ ಅನುಕೂಲವಾಗಿ ಬಂದು ಕೂತಿದೆ; ಆಮೇಲೆ ಇನ್ನೊಬ್ಬರ ಬಾಯಿಂದ ಕೇಳಿರದಿದ್ದರೆ ನಾನು ಇದನ್ನು ನಂಬುತ್ತಿರಲಿಲ್ಲ. ಬೇರೆ ಯಾವುದೋ ದಿನದ ಮೀನನ್ನು ತಂದು ಈ ದಿನದಲ್ಲಿ ಇಟ್ಟಿದ್ದೇನೆ ಅಂದುಕೊಳ್ಳುತ್ತಿದ್ದೆ.

ಅಜ್ಜಿ ಎಂದರೆ ಅಪ್ಪನ ತಾಯಿ. ನಮ್ಮ ಕಡೆ ಗಾಳ ಹಾಕಿ ಮೀನು ಹಿಡಿಯುವುದು ಗಂಡಸರ ಕೆಲಸ. ಅಜ್ಜಿಗೆ ಯಾರೂ ಅದನ್ನು ಹೇಳಿರಲಿಲ್ಲವೋ, ಹೇಳಿದ್ದರೂ ಕೇಳಿಸಿಕೊಂಡಿರಲಿಲ್ಲವೋ. ತಾತ ಸತ್ತ ಮೇಲೆ ಅವನ ಬಿದಿರು ಕೋಲನ್ನು ಹಿಡಿದುಕೊಂಡು, ಹಸುಗಳನ್ನು ಹೊಡೆದುಕೊಂಡು ವೃಷಭಾವತಿಯ ದಂಡೆಗೆ ಹೋಗುತ್ತಿದ್ದಳು. ಹಸು ಮೇಯುವಷ್ಟು ಹೊತ್ತು ಗಾಳ ಹಾಕುತ್ತಿದ್ದಳು. ನವಿಲುಗರಿಯ ದಂಟನ್ನು ಕತ್ತರಿಸಿ ಬೆಂಡು ಮಾಡುತ್ತಿದ್ದಳು. ಬೆಂಡು ಎಂದರೆ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವುದು. ಕೆಳಗೆ ಗಾಳವನ್ನು ಮೀನು ಮುಟ್ಟಿದರೆ ಮೇಲೆ ಬೆಂಡು ಹೇಳುತ್ತದೆ. ಬೆಂಡು ನೆಟ್ಟಗೆ ನಿಂತಿದ್ದರೆ ಗಾಳ ನೀರಿನ ನಡುವೆ ಇದೆ ಎಂದು ಅರ್ಥ, ಅಡ್ಡ ಮಲಗಿದರೆ ಗಾಳ ನೆಲಕ್ಕೆ ತಾಗಿದೆ ಎಂದು ಅರ್ಥ. ಆಗ ಬೆಂಡನ್ನು ಗಾಳದ ಕಡೆಗೆ ಅಷ್ಟು ಜಾರಿಸಬೇಕು. ಎಷ್ಟು ಬೇಕಾದರೂ ಮಾತಾಡು, ಆದರೆ ಕಾಲು ಅಪ್ಪಳಿಸಬೇಡ, ನಿನ್ನ ನೆರಳು ನೀರಿಗೆ ಬೀಳದಂತೆ ಕೂರು. ಇಷ್ಟನ್ನೂ ಅಜ್ಜಿ ನನಗೆ ಕಲಿಸಿದ್ದು ಹಸುವಿನ ಬಾಲ ಹಿಡಿದು ನಡೆಯುವ ವಯಸ್ಸಿನಲ್ಲಿ. ಮೀನು ತಂದರೆ ಅದಕ್ಕೇ ಬೇರೆಯಾದ ಮಣ್ಣಿನ ಮಡಕೆ. ಹುಣಸೆಹುಳಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದು ಹಾಕಿ ಕುದಿಸಿ, ಅಂದು ತಿನ್ನುವುದಕ್ಕಿಂತ ಮರುದಿನ ಬೆಳಗ್ಗೆ ಬಿಸಿ ಮುದ್ದೆಗೆ ತಣ್ಣನೆಯ ಸಾರು. ಮೀನಿನ ತಲೆ ಯಾವಾಗಲೂ ಅಪ್ಪನಿಗೆ. ಅಜ್ಜಿ ಒಂದು ಸಲವೂ ತಲೆ ತಿಂದದ್ದನ್ನು ನಾನು ಕಂಡಿಲ್ಲ. ಮಗ ತಲೆಯನ್ನು ಕಡಿದು, ಚೀಪಿ, ಕಿವಿರಿನ ಹತ್ತಿರದ ಚಪ್ಪಟೆ ಮೂಳೆಯನ್ನು ಬಿಳುಪಾಗಿಸಿ ತಟ್ಟೆಯ ಅಂಚಿಗೆ ಓರೆಯಾಗಿ ಒರಗಿಸಿ ಇಡುವುದನ್ನು ನೋಡುವುದೇ ಅವಳಿಗೆ ಊಟ.

ಪಾಟೀಲರು ಸಾಮಾನು ಇಳಿಸಿದ ದಿನದಿಂದ ಇದೆಲ್ಲ ನಿಂತಿತು. ನಿಂತಿತು ಎಂದರೆ ತಿನ್ನುವುದು ನಿಲ್ಲಲಿಲ್ಲ, ಕದ್ದು ತಿನ್ನುವುದು ಶುರುವಾಯಿತು. ಅಪ್ಪ ಕೋಲನ್ನು ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿದ. ಮಡಕೆಯನ್ನು ಎಸೆ ಅಂದ. ಅಜ್ಜಿ ಎಸೆಯದೆ ಬೆರಣಿಯ ಒಟ್ಟಿಲಿನ ಹಿಂದೆ ಬಚ್ಚಿಟ್ಟಳು. ಮೀನು ತಿನ್ನಬೇಕೆನಿಸಿದ ದಿನ, ಎಪ್ಪತ್ತು ದಾಟಿದ ಆ ಹೆಂಗಸು ತನ್ನ ಸ್ವಂತ ಮನೆಯಿಂದ ಮಡಕೆಯನ್ನು ಸೆರಗಿನೊಳಗೆ ಅಡಗಿಸಿಕೊಂಡು, ಹೊಲದ ಪಂಪುಮನೆಗೆ ನಡೆದು ಹೋಗಿ, ಅಲ್ಲಿ ಮೂರು ಕಲ್ಲಿಟ್ಟು ಸಂತೆಯ ಮೀನು ಬೇಯಿಸುತ್ತಿದ್ದಳು. ನಾವು ಒಬ್ಬೊಬ್ಬರಾಗಿ ಹೋಗಿ ತಿಂದು ಬರಬೇಕು. ಪಾಳಿ ಮುಗಿಸಿ ಬಂದ ಅಪ್ಪ ನೇರ ಅಲ್ಲಿಗೇ ಹೋಗಿ, ತಲೆ ಚೀಪಿ, ಬಾಯಿ ಮುಕ್ಕಳಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಮುಂಬಾಗಿಲಿನಿಂದ ಬರುತ್ತಿದ್ದ. ವಿಭೂತಿ ನಮ್ಮ ಮನೆಗೆ ಹೊಸತಲ್ಲ, ಸೋಮವಾರ ನಾವೂ ಇಡುತ್ತಿದ್ದೆವು. ಈಗ ವಾರಕ್ಕೆ ಏಳು ಸೋಮವಾರ. ಆರು ವರ್ಷದ ಗೋಪಾಲನಿಗೆ ಪಾಠ ಬೇರೆ.

“ಏನು ತಿಂದೆ ಅಂತ ಕೇಳಿದ್ರೆ ಏನಂತೀಯ?”

“ಹುರುಳಿಕಾಳು ಸಾರು.”

“ಕೈ ಮೂಸಿದ್ರೆ?”

“ಕೈ ಕೊಡಲ್ಲ.”

ಅಪ್ಪ ನಕ್ಕು ಅವನ ಬೆನ್ನು ತಟ್ಟುತ್ತಿದ್ದ. ಈಗ ಕಿಟಕಿ ಮುಚ್ಚಿ ಊದಿನಕಡ್ಡಿ ಹಚ್ಚುವವನು ಇದೇ ಹುಡುಗ. ತರಬೇತಿ ಚೆನ್ನಾಗಿಯೇ ಆಗಿದೆ.

ಪಾಟೀಲರ ಮಗಳು ನೀಲಾ ನನ್ನ ತರಗತಿಗೇ ಸೇರಿದಳು. ಕುತ್ತಿಗೆಯಲ್ಲಿ ಬೆಳ್ಳಿಯ ಕರಡಿಗೆ, ಅದರಲ್ಲಿ ಲಿಂಗ. ಎರಡು ಜಡೆ. ಮಾತಾಡಿದರೆ ಕ್ಲಾಸಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು, ಅವಳ ಕನ್ನಡ ನಮ್ಮದರ ಹಾಗಿರಲಿಲ್ಲ. ನಾನೂ ನಕ್ಕಿದ್ದೇನೆ. ಸಂಜೆ ಜಗಲಿಯಲ್ಲಿ ಕೂತು ಲೆಕ್ಕ ಮಾಡುವಾಗ ಒಂದು ದಿನ ನನ್ನ ಪೆನ್ಸಿಲ್ ಡಬ್ಬಿಯಲ್ಲಿ ಅವಳಿಗೆ ನವಿಲುಗರಿಯ ದಂಟು ಸಿಕ್ಕಿತು.

“ಇದೇನ?”

“ಪೆನ್ನು.”

“ಸುಳ್ಳ ಹೇಳಬ್ಯಾಡ. ಇದಕ್ಕ ನಿಬ್ಬ ಎಲ್ಲೈತಿ?”

ನಾನು ಹೇಳಿಬಿಟ್ಟೆ. ಎರಡು ತಿಂಗಳು ಮನೆಮಂದಿಯೆಲ್ಲ ಹಲ್ಲು ಕಚ್ಚಿ ಕಾಪಾಡಿದ್ದನ್ನು ಜಗಲಿಯ ಮೇಲೆ ಒಂದು ನಿಮಿಷದಲ್ಲಿ ಹೇಳಿದೆ. ಅವಳು ಮುಖ ಸಿಂಡರಿಸುತ್ತಾಳೆಂದು ಕಾದೆ. ಸಿಂಡರಿಸಲಿಲ್ಲ. ಬೆಂಡು ಹೇಗೆ ಮುಳುಗುತ್ತದೆ, ಎಷ್ಟು ಸಲ, ಮುಳುಗುವ ಮೊದಲು ಅಲ್ಲಾಡುತ್ತದೋ ಇಲ್ಲವೋ ಎಂದು ಕೇಳಿದಳು. ಆಮೇಲೆ ಎದ್ದು ಕೊಟ್ಟಿಗೆಗೆ ಹೋಗಿ, ಹಸುವಿಗೆ ಹಾಕಿದ್ದ ಜೋಳದ ಸೆಪ್ಪೆಯಿಂದ ಒಂದು ದಂಟು ಎಳೆದುಕೊಂಡು ಬಂದಳು. ಹಲ್ಲಿನಿಂದ ಸಿಪ್ಪೆ ಸುಲಿದಳು.

“ನಮ್ಮೂರಾಗ ಇದರಾಗ ಚಕ್ಕಡಿ ಮಾಡ್ತೀವಿ, ಎತ್ತು ಮಾಡ್ತೀವಿ, ಕನ್ನಡಕಾನೂ ಮಾಡ್ತೀವಿ. ನಿನ್ನ ನವಿಲಗರಿಗಿಂತ ಇದು ಛಲೋ ತೇಲತೈತಿ.”

“ನೀರು ಕುಡಿದು ಮುಳುಗುತ್ತೆ ಕಣೇ.”

“ಕುಡೀಲಾರದಂಗ ಮಾಡಿದ್ರಾತು.”

ಬೆರಳುದ್ದದ ಬಿಳಿ ತಿರುಳು. ಅದರ ಅರ್ಧವನ್ನು ತನ್ನ ಅಪ್ಪನ ಕಚೇರಿಯ ಕೆಂಪು ಶಾಯಿಯಲ್ಲಿ ಅದ್ದಿ ಒಣಗಿಸಿ, ಮೇಲೆ ಮೇಣದಬತ್ತಿ ಉಜ್ಜಿದಳು. ದಾರ ಜಾರದಂತೆ ಜಾಲಿ ಮುಳ್ಳು ಚುಚ್ಚಿದಳು. ಗಾಳ ಕಟ್ಟಿ ಬಾವಿಯ ಬಳಿಯ ಬಾನಿಯಲ್ಲಿ ಬಿಟ್ಟರೆ ಕೆಂಪು ತಲೆ ಎತ್ತಿಕೊಂಡು ನೆಟ್ಟಗೆ ನಿಂತಿತು. ನಾನು ಕಂಡ ಬೆಂಡುಗಳಲ್ಲೇ ಅದು ಚೆಂದದ್ದು.

ಅವಳನ್ನು ಹೊಳೆಗೆ ಯಾಕೆ ಕರೆದುಕೊಂಡು ಹೋದೆ? ಸ್ನೇಹಕ್ಕೆ ಎಂದು ಬರೆದರೆ ಈ ಪುಟ ಚೆನ್ನಾಗಿ ಕಾಣುತ್ತದೆ. ಸ್ನೇಹವೂ ಇತ್ತು. ಆದರೆ ಅವಳ ಕೈಯಲ್ಲಿ ಒಂದು ಮೀನು ಕಾಣಬೇಕು, ಅದು ಅವರ ಕೆಂಪು ನೆಲದ ಮೇಲೆ ಒಂದು ತೊಟ್ಟು ನೀರು ಬೀಳಿಸಬೇಕು ಎಂಬ ಆಸೆಯೂ ನನ್ನೊಳಗೆ ಇತ್ತು. ಆ ನೆಲವನ್ನು ಉಜ್ಜಿದವಳು ನಾನು.

ಒಂದು ಭಾನುವಾರ ಬೆಳಗ್ಗೆ ಅಪ್ಪ ಮೊದಲ ಪಾಳಿಗೆ ಹೋಗಿದ್ದ. ನಾನು ಅಟ್ಟದಿಂದ ಕೋಲು ಇಳಿಸಿದೆ. ಅಜ್ಜಿ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದಳು, ನೋಡಿದಳು, ಮತ್ತೆ ಬಾಚತೊಡಗಿದಳು. ಗಿರಿಜಮ್ಮನಿಗೆ ಹುಣಸೆತೋಪಿಗೆ ಆಡಲು ಹೋಗುತ್ತೇವೆ ಎಂದು ಹೇಳಿ, ನೀಲಾ ಸ್ಟೀಲು ಡಬ್ಬಿಯಲ್ಲಿ ರೊಟ್ಟಿ ಕಟ್ಟಿಸಿಕೊಂಡು ಬಂದಳು. ಹೊಳೆಯ ನೀರು ತಿಳಿಯಾಗಿತ್ತು. ಗೋಪಾಲ ಇದಕ್ಕೂ ತಕರಾರು ತೆಗೆಯುತ್ತಾನೆ: ಆಗಲೇ ಊರಿನ ಕೊಳಚೆ ಬರುತ್ತಿತ್ತು, ನೊರೆ ಇತ್ತು, ನೀನು ಚಿತ್ರ ಬರೀತೀಯ ಅನ್ನುತ್ತಾನೆ. ಇರಬಹುದು. ನಾನು ನೊರೆಯನ್ನು ನೋಡಲಿಲ್ಲ. ಬೆಂಡನ್ನು ನೋಡುತ್ತಿದ್ದೆ.

ಎರೆಹುಳುವನ್ನು ಗಾಳಕ್ಕೆ ಚುಚ್ಚಲು ಹೋದಾಗ ನೀಲಾ ಕೈ ಹಿಡಿದಳು.

“ಹುಳಾನೂ ಸಾಯಬೇಕು, ಮೀನಾನೂ ಸಾಯಬೇಕು. ಎರಡೆರಡು ಯಾಕ?”

ಡಬ್ಬಿ ತೆಗೆದು ಜೋಳದ ರೊಟ್ಟಿಯ ಚೂರನ್ನು ನೀರಿನಲ್ಲಿ ನೆನೆಸಿ, ಹಿಸುಕಿ, ಕಡಲೆಕಾಳಿನಷ್ಟು ಉಂಡೆ ಮಾಡಿ ತಾನೇ ಗಾಳದ ತುದಿಗೆ ಒತ್ತಿದಳು. ನಾನು ಕೋಲನ್ನು ಅವಳಿಗೆ ಕೊಟ್ಟೆ. ಮೊದಲ ಎಸೆತ ಹಿಂದಿನ ಲಂಟಾನಕ್ಕೆ ಸಿಕ್ಕಿಕೊಂಡಿತು, ಎರಡನೆಯದು ಅವಳ ಜಡೆಗೆ. ಮೂರನೆಯದು ನೀರಿಗೆ ಬಿತ್ತು. ಬೆಂಡು ಅಡ್ಡ ಮಲಗಿತು. ಎಳೆದು ಒಂದು ಗೇಣು ಜಾರಿಸಿ ಕೊಟ್ಟೆ. ಈಗ ನೆಟ್ಟಗೆ ನಿಂತಿತು.

“ಮೊದಲನೇ ಸಲ ಮುಳುಗಿದ್ರೆ ಎಳೀಬೇಡ. ಅದು ಮೀನು ಕೇಳ್ತಾ ಇರೋದು. ಎರಡನೇ ಸಲ ಮುಳುಗಿದ್ರೆ ತಿಂತಾ ಇರೋದು,” ಎಂದೆ. ಇದು ಅಜ್ಜಿಯ ಮಾತು.

“ಏನ ಕೇಳತೈತಿ?”

“ಯಾರು ನೀನು ಅಂತ.”

ಅವಳು ನಗಲಿಲ್ಲ. ಬಹಳ ಹೊತ್ತು ಬೆಂಡಿಗೆ ಕಣ್ಣು ನೆಟ್ಟು ಕೂತಳು. ಹಸುವಿನ ಗಂಟೆ, ದೂರದಲ್ಲಿ ರೈಲು. ಕೆಂಪು ತಲೆ ಒಂದು ಸಲ ಕುಲುಕಿತು, ಮುಳುಗಿ ಎದ್ದಿತು. ಅವಳ ಕೈಯ ನರಗಳು ಎದ್ದಿದ್ದವು, ಎಳೆಯಲಿಲ್ಲ. ಮತ್ತೆ ಮುಳುಗಿತು, ಈ ಸಲ ಓರೆಯಾಗಿ, ಕೆಳಗಿನಿಂದ ಯಾರೋ ಕಿತ್ತುಕೊಂಡ ಹಾಗೆ. ಎಳೆದಳು. ಅಂಗೈಯಷ್ಟು ಗೆಂಡೆ ಮೀನು ಬಿಸಿಲಿಗೆ ಬಂದು ಅವಳ ಲಂಗಕ್ಕೆ ಬಡಿಯಿತು. ಅವಳು ಅತ್ತಳು ಎಂದು ಒಮ್ಮೊಮ್ಮೆ ಅನಿಸುತ್ತದೆ, ಕುಣಿದಳು ಎಂದು ಒಮ್ಮೊಮ್ಮೆ. ಕರಡಿಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಅದು ಮಾತ್ರ ಖಚಿತ.

“ಈಗ ಏನ್ ಮಾಡೂದು? ಬಿಡೂಣೇನು?”

ಬಿಡು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು:

“ಮೊದಲನೇ ಮೀನು ಬಿಡೋ ಹಾಗಿಲ್ಲ. ಹಿಡಿದೋರ ಮನೆ ಒಲೆ ಮೇಲೇನೇ ಅದು ಬೇಯ್ಬೇಕು. ಅಜ್ಜಿ ಹೇಳಿದಾಳೆ.”

ಅಜ್ಜಿ ಹೇಳಿದ್ದಳೇ? ಈ ಪ್ರಶ್ನೆಯನ್ನು ನಾನು ಜೀವಮಾನವೆಲ್ಲ ಕೇಳಿಕೊಂಡಿದ್ದೇನೆ. ಮೊದಲ ಮೀನಿಗೆ ಏನೋ ಒಂದು ಪದ್ಧತಿ ಇತ್ತು. ಕಣ್ಣಿಗೆ ಒತ್ತಿಕೊಳ್ಳುವುದೋ, ಹೊಳೆಗೆ ಒಂದು ಕಾಳು ಹಾಕುವುದೋ. ಒಲೆಯ ಮಾತು ಅದರಲ್ಲಿ ಇತ್ತೇ? ಇರಲಿಲ್ಲ ಎಂದು ಬರೆಯಲು ಕೈ ಹೋಗುವುದಿಲ್ಲ, ಇತ್ತು ಎಂದು ಬರೆಯಲು ನಾಚಿಕೆ. ನೀಲಾ ನಿಯಮಗಳನ್ನು ನಂಬುವ ಹುಡುಗಿ. ದಿನಕ್ಕೆ ಎರಡು ಸಲ ಲಿಂಗಪೂಜೆ ಮಾಡುವವಳು, ಮಾಡದೆ ಬಾಯಿಗೆ ನೀರೂ ಹಾಕದವಳು. ಪದ್ಧತಿ ಎಂದರೆ ಪದ್ಧತಿ. ರೊಟ್ಟಿಯ ಡಬ್ಬಿಗೆ ಹೊಳೆಯ ನೀರು ತುಂಬಿ ಮೀನನ್ನು ಅದರೊಳಗೆ ಬಿಟ್ಟಳು. ದಾರಿಯಲ್ಲಿ ಒಂದೇ ಸಂದೇಹ ಕೇಳಿದಳು.

“ನಮ್ಮನ್ಯಾಗ ಸೀಮಿಎಣ್ಣಿ ಸ್ಟೋವ್ ಐತಿ. ಅದಕ್ಕ ಒಲಿ ಅಂತಾರೇನು?”

“ಅಂತಾರೆ,” ಎಂದೆ.

ಆಮೇಲಿನದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಅಪ್ಪ ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಗಿರಿಜಮ್ಮ ಮುಂದಿನ ಮನೆಯಿಂದ ಹಿತ್ತಲಿಗೆ ಬಂದರು, ಎರಡು ಕೈಯಲ್ಲೂ ತಾಮ್ರದ ತಂಬಿಗೆ ಹಿಡಿದಿದ್ದರು. ಅದರೊಳಗೆ ಮೀನು ಇನ್ನೂ ಆಡುತ್ತಿತ್ತು. ಹಿಂದೆ ನೀಲಾ, ಅವಳ ಹಿಂದೆ ಪಾಟೀಲರು, ಬನಿಯನ್ನಿನಲ್ಲಿ.

“ಸ್ಟೋವಿನ ಬಾಜೂಕ ಇಟ್ಟಿತ್ತು ಹುಡುಗಿ. ಏನವಾ ಅಂದ್ರ, ಇಲ್ಲೇ ಬೇಯಬೇಕಂತ ಅಜ್ಜಿ ಹೇಳ್ಯಾರ ಅಂತೈತಿ,” ಎಂದರು ಗಿರಿಜಮ್ಮ. ದನಿಯಲ್ಲಿ ಸಿಟ್ಟಿತ್ತೇ, ದಿಗಿಲಿತ್ತೇ, ನನಗೆ ತಿಳಿಯಲಿಲ್ಲ.

ಅಜ್ಜಿ ನನ್ನ ಕಡೆ ನೋಡಿದಳು. ನಾನು ಬಾವಿಯ ಕಡೆ ನೋಡಿದೆ.

“ಹೂಂ ಕಣವ್ವ. ನಾನೇ ಹೇಳಿದ್ದು,” ಎಂದಳು ಅಜ್ಜಿ.

ಅಪ್ಪನ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಕೈ ಮುಗಿದ. ತನ್ನ ಹಿತ್ತಲಲ್ಲಿ, ತನ್ನ ಬಾವಿಯ ಪಕ್ಕ ನಿಂತು, ತನ್ನ ಮನೆಯಲ್ಲಿ ಬಾಡಿಗೆಗಿದ್ದವರಿಗೆ ಕೈ ಮುಗಿದ.

“ತಪ್ಪು ತಿಳ್ಕೋಬೇಡಿ ಸಾರ್. ನಮ್ಮನೇಲಿ ಯಾರೂ ಇದನ್ನ ಮುಟ್ಟಲ್ಲ. ನಮ್ಮವ್ವಂಗೆ ತಲೆ ಸರಿ ಇಲ್ಲ. ವಯಸ್ಸಾಯ್ತು, ಏನೇನೋ ಮಾತಾಡ್ತಳೆ. ಮಕ್ಕಳನ್ನ ಕೆಡುಸ್ತಾವ್ಳೆ.”

ಹೇಳಿದ್ದು ಸಾಲದೆಂದು ಮಾಡಿಯೂ ತೋರಿಸಿದ. ಗೋಡೆಗೆ ಒರಗಿಸಿದ್ದ ಕೋಲನ್ನು ಮೊಣಕಾಲಿಗೆ ಹಾಕಿ ಮುರಿದ. ನಮ್ಮ ತಾತ ಎಣ್ಣೆ ಹಚ್ಚಿ ಹದ ಮಾಡಿದ್ದ ಬಿದಿರು. ಬೆರಣಿಯ ಒಟ್ಟಿಲಿನ ಹಿಂದೆ ಕೈ ಹಾಕಿದ, ತಡಕಾಡಲಿಲ್ಲ. ಮಡಕೆ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವಾರವೂ ಅದರಿಂದಲೇ ತಿಂದಿದ್ದ. ಎತ್ತಿ ಬಾವಿಯ ಕಟ್ಟೆಗೆ ಅಪ್ಪಳಿಸಿದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಸರಿದಳು. ಗೋಪಾಲ “ಹುರುಳಿಕಾಳು ಸಾರು, ಹುರುಳಿಕಾಳು ಸಾರು” ಎಂದು ಅಳತೊಡಗಿದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಆಗ ಗಿರಿಜಮ್ಮ ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟು ಹೇಳಿದರು:

“ಯಾಕ್ರಿ ಇದೆಲ್ಲಾ? ನಾವು ಮನಿ ನೋಡಾಕ ಬಂದ ದಿನಾನ ಅವ್ವಾರು ಇಲ್ಲೇ ಕುಂತು ಬೂದಿ ಹಾಕಿ ಮೀನ ತಿಕ್ಕಾಕತ್ತಿದ್ರು. ನಾ ಕಿಡಕ್ಯಾಗಿಂದ ನೋಡೇನಿ. ನಾವೇನ್ ಕೇಳಿದ್ವೇನ್ರಿ ನಿಮಗ?”

“ನಾವು ಕೇಳಿದ್ದು ನೀರಿಂದು,” ಎಂದರು ಪಾಟೀಲರು, ಮೆಲ್ಲಗೆ.

ಈ ಮಾತನ್ನು ಕೇಳಿದವರೆಲ್ಲ ಪಾಟೀಲರು ದೊಡ್ಡ ಮನುಷ್ಯರು ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಗೊತ್ತಿತ್ತಂತೆ. ಗೊತ್ತಿದ್ದೂ ಎರಡು ತಿಂಗಳು ಆ ಹಸಿರು ಕಿಟಕಿಯಿಂದ, ಮುದುಕಿಯೊಬ್ಬಳು ಸೆರಗಿನೊಳಗೆ ಮಡಕೆ ಮುಚ್ಚಿಕೊಂಡು ಹೊಲದ ಬದುವಿನ ಮೇಲೆ ತಡವರಿಸುತ್ತ ಹೋಗುವುದನ್ನು ನೋಡಿದರಂತೆ. ಒಂದು ಸಲ ಕರೆದು, “ಅವ್ವಾರ, ಮನ್ಯಾಗ ಮಾಡ್ಕೋರಿ” ಅನ್ನಬಹುದಿತ್ತು. ಅನ್ನಲಿಲ್ಲ. ವಾಸನೆ ಬರದಿದ್ದರೆ ಅವರಿಗೂ ಹಿತ. ಸುಳ್ಳು ಅಪ್ಪನದು, ಅನುಕೂಲ ಅವರದು, ನಡಿಗೆ ಅಜ್ಜಿಯದು. ಇನ್ನು ನನ್ನದು? ನಾನು ಅಜ್ಜಿಯ ಹೆಸರಿನಲ್ಲಿ ಒಂದು ಪದ್ಧತಿ ಹುಟ್ಟಿಸಿ, ಅದರ ಬೆಲೆಯನ್ನು ಅವಳಿಂದಲೇ ಕೊಡಿಸಿದೆ. ‘ಅಜ್ಜಿ ಹೇಳಲಿಲ್ಲ, ನಾನು ಹೇಳಿದ್ದು’ ಎನ್ನಲು ಐದು ಮಾತು ಬೇಕಿರಲಿಲ್ಲ. ಬಾಯಿ ಬಿಡಲಿಲ್ಲ.

ಅಜ್ಜಿ ಮಡಕೆಯ ಚೂರುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಒಂದೊಂದನ್ನೇ ತಿರುಗಿಸಿ ನೋಡಿ, ಅಗಲವಾದ ಒಂದು ಬೋಕಿಯನ್ನು ಆರಿಸಿಕೊಂಡಳು. ತಂಬಿಗೆಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡಳು. ನೀಲಾಳನ್ನು ಕೇಳಿದಳು:

“ಮೀನು ನಿಂದು ಮಗ. ಹೊಳೆಗೆ ಬುಡನಾ, ಬೇಯ್ಸನಾ?”

ನೀಲಾ ತಾಯಿಯ ಮುಖ ನೋಡಲಿಲ್ಲ.

“ಬೇಯಸ್ರಿ. ಆದ್ರ ನಾ ತಿನ್ನೂದಿಲ್ಲ.”

“ನೀನ್ಯಾಕ್ ತಿಂದೀಯ. ನಿಂಗ್ಯಾರ್ ತಿನ್ನು ಅಂದೋರು.”

ಅಜ್ಜಿ ಮುರಿದ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿನಿಂದ ಹೊರಟು, ಪಕ್ಕದ ಓಣಿಯಲ್ಲಿ ಬಳಸಿಕೊಂಡು ಮುಂದಿನ ಮನೆಯ ಎದುರಿಗೆ ಬಂದಳು. ಹಸಿರು ಕಿಟಕಿಗಳ ಮುಂದೆ, ರಸ್ತೆಗೆ ಕಾಣುವಂತೆ, ಹಾಡಹಗಲಿನಲ್ಲಿ ಮೂರು ಕಲ್ಲಿಟ್ಟಳು. ಮುರಿದ ಬಿದಿರು ಕೋಲನ್ನೇ ತುಂಡು ಮಾಡಿ ಉರಿ ಹಚ್ಚಿದಳು. ಎಣ್ಣೆ ಕುಡಿದ ಬಿದಿರು ಚಟಚಟ ಎಂದು ಉರಿಯಿತು. ಬೂದಿಯಲ್ಲಿ ಉಜ್ಜಿ, ಉಪ್ಪು ಖಾರ ಸವರಿ, ಮೀನನ್ನು ಬೋಕಿಯ ಮೇಲೆ ಮಲಗಿಸಿದಳು. ರಸ್ತೆಯಲ್ಲಿ ಹೋಗುವವರು ನಿಂತರು. “ಏನಜ್ಜಿ, ಬೀದೀಲಿ ಅಡ್ಗೆ?” ಎಂದು ಯಾರೋ ಕೇಳಿದರು.

“ಒಳಗೆ ತಲೆ ಸರಿ ಇರೋರು ಅವ್ರೆ ಕಣಪ್ಪ. ಅದ್ಕೇ ಈಚೆ ಬಂದೆ,” ಎಂದಳು.

ಮೀನು ಬೆಂದ ಮೇಲೆ ಎರಡು ಭಾಗ ಮಾಡಿದಳು. ನಡುವಿನಿಂದ ಬಾಲದವರೆಗೆ ನನಗೆ, ಗೋಪಾಲನಿಗೆ, ತನಗೆ. ತಲೆಯನ್ನು ಬೋಕಿಯ ಮೇಲೇ ಬಿಟ್ಟು, ಅದನ್ನು ಸೆರಗಿನಲ್ಲಿ ಹಿಡಿದು ಅಪ್ಪನ ಮುಂದೆ ಚಾಚಿದಳು. ಅಪ್ಪ ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದ. ಪಾಟೀಲರೂ ಗಿರಿಜಮ್ಮನೂ ಬಾಗಿಲಲ್ಲಿದ್ದರು.

“ತಗಾ. ತಿನ್ನು. ಇಲ್ದಿದ್ರೆ ನಂಗೆ ತಲೆ ಸರಿ ಇಲ್ಲ ಅಂತ ಇನ್ನೊಂದ್ ಸಲ ಹೇಳು. ಇವ್ರೆಲ್ಲ ಕೇಳ್ಕಳ್ಲಿ.”

ಅಪ್ಪ ತಿನ್ನಲಿಲ್ಲ. ಹೇಳಲೂ ಇಲ್ಲ. ಅಜ್ಜಿ ಬೋಕಿಯನ್ನು ಅವನ ಕಾಲ ಬಳಿ ಮೆಟ್ಟಿಲ ಮೇಲೆ ಇಟ್ಟು ಹಿಂದಿನ ಮನೆಗೆ ಹೋದಳು.

ಅಪ್ಪ ತಿಂದ ಎಂದು ಗೋಪಾಲ ಹೇಳುತ್ತಾನೆ. ಅಲ್ಲೇ ಕೂತು, ಎಲ್ಲರೆದುರಿಗೆ, ಕಣ್ಣಲ್ಲಿ ನೀರು ಹಾಕಿಕೊಂಡು ತಿಂದ ಅನ್ನುತ್ತಾನೆ. ನಾವು ಇದಕ್ಕೇ ಇಷ್ಟು ವರ್ಷ ಜಗಳ ಆಡಿದ್ದೇವೆ. ಮೊನ್ನೆ ಬೋರ್ಡಿನ ಜಗಳ ಕೊನೆಗೆ ಬಂದು ನಿಂತದ್ದೂ ಇಲ್ಲಿಗೇ.

“ಸತ್ತೋರ ಮೇಲೆ ಸುಳ್ಳು ಹೇಳ್ಬೇಡ ಕಣಕ್ಕ. ನಾನು ನೋಡಿದೀನಿ.”

“ನಿಂಗೆ ಆರು ವರ್ಷ. ನೀನು ಅಳ್ತಾ ಇದ್ದೆ.”

“ಅಳೋರಿಗೆ ಕಣ್ಣು ಕಾಣಲ್ವಾ?”

ನಾನು ಚೀಲ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಮನೆಗೆ ಬರುವಾಗ, ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ವಿಷಯವನ್ನು ಬರೆದುಬಿಡಬೇಕು ಅನಿಸಿತು.

ಮರುದಿನದಿಂದ ನೀಲಾ ಹಿತ್ತಲಿಗೆ ಬರಲಿಲ್ಲ. ಶಾಲೆಯಲ್ಲಿ ಬೇರೆ ಬೆಂಚಿನಲ್ಲಿ ಕೂತಳು. ದಸರಾ ರಜೆಗೆ ಮೊದಲೇ ಅವರು ರಾಜಾಜಿನಗರದ ಕಡೆ ಮನೆ ಮಾಡಿಕೊಂಡು ಹೋದರು. ಪಾಟೀಲರು ಅಪ್ಪನಿಗೆ ಕೈ ಮುಗಿದೇ ಹೊರಟರು. ಹೋಗುವ ದಿನ ನೀಲಾ ನನ್ನ ಹತ್ತಿರ ಬಂದು ಬೆಂಡನ್ನು ಕೇಳಿದಳು. ಹೊಳೆಯಿಂದ ಬಂದಾಗಲೇ ಅದನ್ನು ದಾರದಿಂದ ಬಿಚ್ಚಿದ್ದೆ, ನನ್ನ ಪೆನ್ಸಿಲ್ ಡಬ್ಬಿಯಲ್ಲಿತ್ತು. ಕಳೆದುಹೋಯಿತು ಎಂದೆ. ಅಜ್ಜಿ ಆಮೇಲೆ ಹಿಂದಿನ ಮನೆಯ ಒಲೆಯ ಮೇಲೇ ಮೀನು ಬೇಯಿಸಿದಳು, ಸಾಯುವವರೆಗೂ. ಅಪ್ಪ ಬೇಡ ಅನ್ನಲಿಲ್ಲ. ಆದರೆ ಅಂಥ ದಿನ ಅವನು ಊಟಕ್ಕೆ ಕೂರುತ್ತಿರಲಿಲ್ಲ, ಅಜ್ಜಿ ತಲೆಯನ್ನು ಬಡಿಸಿ ಮುಚ್ಚಿಡುವುದನ್ನು ಬಿಡುತ್ತಿರಲಿಲ್ಲ.

ಬರೆಯಬೇಕಾದದ್ದು ಆ ಭಾನುವಾರದ ಮರುದಿನ ಬೆಳಗಿನದು. ನಾನು ಮುಂದಿನ ಮನೆಯ ಎದುರು ರಂಗೋಲಿ ಹಾಕಲು ಹೋದೆ; ಬಾಡಿಗೆಗೆ ಕೊಟ್ಟ ಮೇಲೂ ರಸ್ತೆ ಕಡೆಯ ರಂಗೋಲಿ ನನ್ನದೇ. ಮೆಟ್ಟಿಲ ಮೇಲೆ ಬೋಕಿ ಇತ್ತು. ನಾಯಿ ಮುಟ್ಟಿದ್ದರೆ ಚೆಲ್ಲಾಪಿಲ್ಲಿ ಆಗಿರುತ್ತಿತ್ತು. ಆಗಿರಲಿಲ್ಲ. ತಲೆಯ ಮೂಳೆಗಳು ಅಚ್ಚುಕಟ್ಟಾಗಿ ಒಂದು ಕಡೆ ಸೇರಿದ್ದವು. ಕಿವಿರಿನ ಹತ್ತಿರದ ಚಪ್ಪಟೆ ಮೂಳೆ ಚೀಪಿ ಬಿಳುಪಾಗಿತ್ತು, ಬೋಕಿಯ ಅಂಚಿಗೆ ಓರೆಯಾಗಿ ಒರಗಿ ನಿಂತಿತ್ತು.

ಯಾರೂ ಇಲ್ಲದಾಗ ತಿಂದಿದ್ದ. ಎಲ್ಲರೂ ಒಳಗೆ ಹೋಗಿ, ರಸ್ತೆ ಖಾಲಿಯಾಗಿ, ಹಸಿರು ಕಿಟಕಿ ಮುಚ್ಚಿದ ಮೇಲೆ. ಅಥವಾ ಗೋಪಾಲ ಹೇಳುವ ಹಾಗೆ, ಎಲ್ಲರೆದುರಿಗೇ ತಿಂದಿದ್ದ, ನಾನೇ ತಲೆ ತಿರುಗಿಸಿದ್ದೆ. ಎರಡರಲ್ಲಿ ಯಾವುದು ಎಂದು ಆ ಮೂಳೆ ಹೇಳುವುದಿಲ್ಲ. ಹೇಳಿದ್ದರೂ ನನಗೆ ಬೇಕಿರಲಿಲ್ಲ. ಅವನು ತಿನ್ನದೆ ನಿಂತಿರುವುದು ನನಗೆ ಬೇಕಿತ್ತು, ಈಗಲೂ ಬೇಕು.

ಹಿಂದಿನ ಮನೆಯಲ್ಲಿ ಅಪ್ಪ ಕೆಮ್ಮಿದ ಸದ್ದಾಯಿತು. ನಾನು ಆ ಬೋಕಿಯನ್ನು ಕಾಲಿನಿಂದ ಚರಂಡಿಗೆ ತಳ್ಳಿ, ಮೆಟ್ಟಿಲಿಗೆ ನೀರು ಹಾಕಿ ತೊಳೆದೆ. ಇದು ಮಾತ್ರ ಖಚಿತವಾಗಿ ನೆನಪಿದೆ.